ಔಂಧದ ಅರಸರೂ ಹಳ್ಳಿಯ ಪಂಚರೂ

ಸಂಸ್ಥಾನದ ಚರಿತ್ರೆಯೆಂದರೆ ವಂಶಾವಳಿ, ಪಟ್ಟಾಭಿಷೇಕ, ಬೇಟೆಯ ವರ್ಣನೆ ಎಂದೇ ನಮಗೆ ರೂಢಿಯಾಗಿದೆ. ಅಪ್ಪಾಸಾಹೇಬ ಪಂತರ ‘ಆ್ಯನ್ ಅನ್‌ಯೂಶುವಲ್ ರಾಜಾ’ (1989) ಎಂಬ ಇಂಗ್ಲಿಷ್ ಪುಸ್ತಕ ಆ ಜಾಡು ಬಿಟ್ಟು ನಡೆದಿದೆ. ಸಾತಾರಾ ಸೀಮೆಯ ಔಂಧ ಸಂಸ್ಥಾನದ ಅರಸರಾದ ಭವಾನರಾವ್ ಪಂತಪ್ರತಿನಿಧಿಯವರು ಗಾಂಧೀಜಿಯವರ ಸಲಹೆ ಪಡೆದು 1939ರಲ್ಲಿ ಪ್ರಜೆಗಳಿಗೆ ಅಧಿಕಾರ ಒಪ್ಪಿಸಿದ ಕಥೆ ಇದರಲ್ಲಿದೆ. ಇಂದಿನ ವಿಜಯಪುರ ಜಿಲ್ಲೆಯ ಗುಣದಾಳವೂ ಆ ಸಂಸ್ಥಾನಕ್ಕೆ ಸೇರಿತ್ತೆಂಬುದನ್ನು ಕನ್ನಡಿಗರಾದ ನಾವು ಮರೆಯಬಾರದು.

ಲೇಖಕರು ಅರಸರ ಮಗ. ಆ ಪ್ರಯೋಗದಲ್ಲಿ ಸ್ವತಃ ದುಡಿದವರು. ಒಳಗಿದ್ದು ಕಂಡದ್ದೇ ಪುಸ್ತಕದ ಬಲ. ಆದರೆ ಹೆಸರೇ ಓದುಗನ ಕಣ್ಣನ್ನು ಅರಸರ ಮೇಲೆ ನಿಲ್ಲಿಸುತ್ತದೆ. ನಮ್ಮ ತಕರಾರು ಇಷ್ಟೇ. ಚಿತ್ರಕಾರರೂ ಸೂರ್ಯನಮಸ್ಕಾರದ ಪ್ರಚಾರಕರೂ ಆಗಿದ್ದ ಆ ಅರಸರು ದೊಡ್ಡವರೇ, ಸಂದೇಹವಿಲ್ಲ. ಆದರೂ ಕೊಟ್ಟ ಕೈಯಷ್ಟೇ ಪಡೆದ ಕೈಯೂ ಮುಖ್ಯ. ಗ್ರಾಮ ಪಂಚಾಯತಿಯೇ ಆ ಸಂವಿಧಾನದ ಬುಡವಾಗಿತ್ತು. ಇಂದಿರಾ ರೋಥರ್ಮಂಡ್ ಅವರ ‘ದಿ ಔಂಧ್ ಎಕ್ಸ್‌ಪೆರಿಮೆಂಟ್’ (1983) ಪುಸ್ತಕವನ್ನೂ ಜೊತೆಗಿಟ್ಟು ಓದುವುದು ಒಳ್ಳೆಯದು.

1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಒಂಬತ್ತು ವರ್ಷ ತಮ್ಮ ಊರನ್ನು ತಾವೇ ಆಳಿಕೊಂಡವರ ಮಾತು ಅರಸರ ಚರಿತ್ರೆಯಲ್ಲಿ ಎಷ್ಟು ತಾನೇ ಸಿಕ್ಕೀತು? ಗುಣದಾಳ ಸೀಮೆಯಿಂದ ಬಂದ ಮನೆಗಳಲ್ಲಿ ಆ ಕಾಲದ ಪಂಚಾಯತಿಯ ಕಾಗದಪತ್ರಗಳಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.