ಉಸಿರಿನ ಅಳತೆಗೆ ಜನಾಂಗದ ತಿದ್ದುಪಡಿ ಏಕೆ?

ವರ್ನಿಯರ್ ಕ್ಯಾಲಿಪರ್ಸ್ ಕೈಗೆ ಕೊಟ್ಟೊಡನೆ ನಾವು ವಿದ್ಯಾರ್ಥಿಗಳಿಗೆ ಹೇಳುವ ಮೊದಲ ಮಾತು – ಶೂನ್ಯ ದೋಷವನ್ನು ನೋಡಿ, ಅಳತೆಯನ್ನು ತಿದ್ದಿಕೊಳ್ಳಿ. ಈ ತಿದ್ದುಪಡಿ ಉಪಕರಣದ ದೋಷಕ್ಕೆ ಸಂಬಂಧಿಸಿದ್ದು. ಆದರೆ ಉಪಕರಣ ಸರಿಯಾಗಿದ್ದರೂ, ಅದರ ಮುಂದೆ ಕುಳಿತವರ ಜನಾಂಗವನ್ನು ಕೇಳಿಕೊಂಡು ‘ತಿದ್ದುಪಡಿ’ ಮಾಡುವ ಪದ್ಧತಿಯೊಂದು ಅಮೆರಿಕದ ಆಸ್ಪತ್ರೆಗಳಲ್ಲಿ ದಶಕಗಳ ಕಾಲ ರೂಢಿಯಲ್ಲಿತ್ತು. ಆ ಉಪಕರಣವೇ ಶ್ವಾಸಕೋಶದ ಸಾಮರ್ಥ್ಯವನ್ನು ಅಳೆಯುವ ಸ್ಪೈರೋಮೀಟರ್. ಈ ತಿದ್ದುಪಡಿಯ ಇತಿಹಾಸವನ್ನು ಬ್ರೌನ್ ವಿಶ್ವವಿದ್ಯಾಲಯದ ಲಂಡಿ ಬ್ರಾನ್ ಅವರು ‘ಬ್ರೀದಿಂಗ್ ರೇಸ್ ಇನ್‌ಟು ದ ಮಷೀನ್’ (2014) ಎಂಬ ಪುಸ್ತಕದಲ್ಲಿ ಬಿಡಿಸಿಟ್ಟಿದ್ದಾರೆ. ಒಂದೇ ದೇಶದ ಜನರಲ್ಲಿ ಒಂದು ಗುಂಪಿನವರ ಆರೋಗ್ಯ ಇನ್ನೊಂದಕ್ಕಿಂತ ಕೆಟ್ಟದಾಗಿರುವುದೇಕೆ ಎಂಬ ಪ್ರಶ್ನೆಯನ್ನು ಅಳತೆಯ ಕಡೆಯಿಂದ ನೋಡುವ ಈ ಪುಸ್ತಕ ವಿಜ್ಞಾನ ಶಿಕ್ಷಕರ ಗಮನಕ್ಕೆ ಬರಬೇಕಾದದ್ದು.

ಉಪಕರಣದ ತತ್ತ್ವ ಸರಳ. ನೀರಿನಲ್ಲಿ ಬೋರಲಾಗಿ ಇಳಿಬಿಟ್ಟ ಪಾತ್ರೆಯೊಳಕ್ಕೆ ಕೊಳವೆಯ ಮೂಲಕ ಊದಿದರೆ ಪಾತ್ರೆ ಮೇಲೇರುತ್ತದೆ. ಏರಿದ ಎತ್ತರದಿಂದ ಗಾಳಿಯ ಗಾತ್ರ ತಿಳಿಯುತ್ತದೆ. ಪೂರ್ತಿ ಉಸಿರೆಳೆದು ಪೂರ್ತಿ ಹೊರಬಿಟ್ಟಾಗ ದೊರೆಯುವ ಗಾತ್ರವನ್ನು ವೈದ್ಯರು ‘ವೈಟಲ್ ಕೆಪಾಸಿಟಿ’ ಎನ್ನುತ್ತಾರೆ. ಇಂಗ್ಲೆಂಡಿನ ಜಾನ್ ಹಚಿನ್‌ಸನ್ 2,000ಕ್ಕೂ ಹೆಚ್ಚು ಜನರನ್ನು ಹೀಗೆ ಪರೀಕ್ಷಿಸಿ 1846ರಲ್ಲಿ ಫಲಿತಾಂಶ ಪ್ರಕಟಿಸಿದರು. ದೇಹದ ಎತ್ತರ ಒಂದು ಅಂಗುಲ ಹೆಚ್ಚಿದರೆ ಈ ಗಾತ್ರ ಸುಮಾರು 8 ಘನ ಅಂಗುಲ, ಎಂದರೆ 130 ಮಿಲಿಲೀಟರಿನಷ್ಟು, ಹೆಚ್ಚುತ್ತದೆ ಎಂದು ಅವರು ಕಂಡರು. ಎತ್ತರ ಅಳೆಯಬಹುದಾದ ಪರಿಮಾಣ. ಇಲ್ಲಿಯವರೆಗೆ ಯಾರ ತಕರಾರೂ ಇರಲಾರದು.

ತಕರಾರು ಆರಂಭವಾಗುವುದು ಉಪಕರಣ ಅಮೆರಿಕಕ್ಕೆ ಬಂದ ಮೇಲೆ. ಗುಲಾಮರ ತೋಟಗಳಲ್ಲಿ ವೈದ್ಯನಾಗಿದ್ದ ಸ್ಯಾಮ್ಯುಯಲ್ ಕಾರ್ಟ್‌ರೈಟ್, ಕಪ್ಪು ಜನರ ಶ್ವಾಸಕೋಶದ ಸಾಮರ್ಥ್ಯ ಬಿಳಿಯರಿಗಿಂತ ಶೇ. 20ರಷ್ಟು ಕಡಿಮೆಯೆಂದೂ, ಬಲವಂತದ ದುಡಿಮೆ ಅವರಿಗೆ ಒಳ್ಳೆಯದೆಂದೂ ವಾದಿಸಿದ. ಅಂತರ್ಯುದ್ಧದ ನಂತರ, 1869ರಲ್ಲಿ, ಖಗೋಳ ವಿಜ್ಞಾನಿ ಬೆಂಜಮಿನ್ ಗೌಲ್ಡ್ ಸೈನಿಕರ ದೇಹದ ಅಳತೆಗಳ ಬೃಹತ್ ಕೋಷ್ಟಕಗಳನ್ನು ಪ್ರಕಟಿಸಿದರು. ಅದರಲ್ಲಿಯೂ ಕಪ್ಪು ಸೈನಿಕರ ಸರಾಸರಿ ಕಡಿಮೆಯಿತ್ತು. ಗುಲಾಮಗಿರಿಯಿಂದ ಆಗಷ್ಟೇ ಹೊರಬಂದವರ ಆಹಾರ, ರೋಗ, ವಸತಿಗಳಿಗೆ ಆ ಕೋಷ್ಟಕದಲ್ಲಿ ಕಾಲಂ ಇರಲಿಲ್ಲ. 1896ರಲ್ಲಿ ವಿಮಾ ಕಂಪನಿಯ ಸಂಖ್ಯಾಶಾಸ್ತ್ರಜ್ಞ ಫ್ರೆಡರಿಕ್ ಹಾಫ್‌ಮನ್, ಕಪ್ಪು ಜನರ ಹೆಚ್ಚಿನ ಮರಣ ಪ್ರಮಾಣಕ್ಕೆ ಅವರ ಜನಾಂಗದ ಗುಣವೇ ಕಾರಣ ಎಂಬುದಕ್ಕೆ ಇವೇ ಅಂಕಿಗಳನ್ನು ಆಧಾರ ಮಾಡಿಕೊಂಡರು. ಮರುವರ್ಷವೇ ಗಣಿತಜ್ಞ ಕೆಲ್ಲಿ ಮಿಲ್ಲರ್ ಆ ತರ್ಕದ ದೋಷಗಳನ್ನು ಎತ್ತಿ ತೋರಿಸಿದರು. ಆದರೆ ಉಳಿದುಕೊಂಡದ್ದು ಕೋಷ್ಟಕ, ಖಂಡನೆಯಲ್ಲ.

ಮುಂದೆ ಈ ವ್ಯತ್ಯಾಸ ‘ತಿದ್ದುಪಡಿ ಗುಣಾಂಕ’ವಾಗಿ ಯಂತ್ರದೊಳಗೇ ಸೇರಿತು. ಕಪ್ಪು ಜನರಿಗೆ ಶೇ. 10ರಿಂದ 15, ಏಷ್ಯಾ ಮೂಲದವರಿಗೆ ಶೇ. 4ರಿಂದ 6 ಕಡಿತ. ಅಲ್ಲಿ ನೆಲೆಸಿರುವ ನಮ್ಮ ಕನ್ನಡಿಗರೂ ಈ ಎರಡನೆಯ ಗುಂಪಿಗೇ ಸೇರುತ್ತಾರೆ.

ಇದರ ಪರಿಣಾಮವೇನೆಂದು ನೀವೇ ಲೆಕ್ಕ ಹಾಕಿ ನೋಡಿ. ಒಬ್ಬ ಕಾರ್ಮಿಕನ ವಯಸ್ಸು, ಎತ್ತರಗಳಿಗೆ ನಿರೀಕ್ಷಿತ ಗಾತ್ರ 4.0 ಲೀಟರ್ ಎಂದಿಟ್ಟುಕೊಳ್ಳೋಣ. ಆತ ಊದಿದ್ದು 3.1 ಲೀಟರ್. ಅದು ನಿರೀಕ್ಷಿತದ ಶೇ. 77.5. ಶೇ. 80ಕ್ಕಿಂತ ಕೆಳಗಿಳಿದರೆ ಸಾಮರ್ಥ್ಯ ಕುಂದಿದೆ ಎಂಬುದು ಬಹುಕಾಲ ಬಳಕೆಯಲ್ಲಿದ್ದ ಮಾನದಂಡ. ಈಗ ಆತ ಕಪ್ಪು ವರ್ಣದವನೆಂದು ಶೇ. 15 ಕಡಿತ ಮಾಡಿದರೆ ನಿರೀಕ್ಷಿತ ಗಾತ್ರವೇ 3.4 ಲೀಟರಿಗೆ ಇಳಿಯುತ್ತದೆ. ಅದೇ 3.1 ಲೀಟರ್ ಈಗ ಶೇ. 91! ಶ್ವಾಸಕೋಶ ಅದೇ, ಉಸಿರು ಅದೇ. ರೋಗಿ ಮಾತ್ರ ಕಾಗದದ ಮೇಲೆ ಆರೋಗ್ಯವಂತನಾದ. ಇದು ಬರಿಯ ಲೆಕ್ಕದ ಆಟವಲ್ಲ. 1999ರಲ್ಲಿ ಬಾಲ್ಟಿಮೋರ್‌ನಲ್ಲಿ, ಕಲ್ನಾರಿನ ಧೂಳಿನಿಂದ ಶ್ವಾಸಕೋಶ ಕೆಟ್ಟಿತೆಂದು ಪರಿಹಾರ ಕೇಳಿದ ಕಪ್ಪು ಕಾರ್ಮಿಕರಿಗೆ ಬೇರೆ ಮಾನದಂಡವನ್ನು ಅನ್ವಯಿಸಬೇಕೆಂದು ತಯಾರಕ ಕಂಪನಿ ನ್ಯಾಯಾಲಯದಲ್ಲಿ ವಾದಿಸಿತು. ಪುಸ್ತಕ ಆರಂಭವಾಗುವುದೇ ಈ ಪ್ರಕರಣದಿಂದ.

ಬ್ರಾನ್ ಅವರ ಮುಖ್ಯ ಆಕ್ಷೇಪಣೆ ಭೌತವಿಜ್ಞಾನಿಗೆ ಸುಲಭವಾಗಿ ಅರ್ಥವಾಗುವಂಥದು. ಎರಡು ಗುಂಪುಗಳ ಸರಾಸರಿ ಬೇರೆಯಾಗಿದೆ ಎಂಬುದು ವೀಕ್ಷಣೆ, ಅದು ಕಾರಣವಲ್ಲ. ಹೊಗೆ, ಧೂಳು, ಬಾಲ್ಯದ ಸೋಂಕು, ಅಪೌಷ್ಟಿಕತೆಗಳಿಂದ ಬೆಳವಣಿಗೆ ಕುಂಠಿತವಾದ ಗುಂಪಿನ ಸರಾಸರಿಯನ್ನೇ ಆ ಗುಂಪಿನ ‘ಸಹಜ ಮಟ್ಟ’ವೆಂದು ಕರೆದರೆ, ಹಾನಿಯೇ ಅಳತೆಗೋಲಾಗಿ ಬಿಡುತ್ತದೆ. ಆಮೇಲೆ ಆ ಅಳತೆಗೋಲಿನಿಂದ ಹಾನಿಯನ್ನು ಕಂಡುಹಿಡಿಯಲಾಗದು. ಪರಿಸರದ ಪ್ರಭಾವ ಕಲ್ಪನೆಯಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾದ 12 ಊರುಗಳ ಮಕ್ಕಳನ್ನು 10ರಿಂದ 18ನೆಯ ವಯಸ್ಸಿನವರೆಗೆ ಪರೀಕ್ಷಿಸಿದ ಅಧ್ಯಯನ (2004), ಮಲಿನ ಗಾಳಿಯ ಊರುಗಳಲ್ಲಿ ಶ್ವಾಸಕೋಶ ಕಡಿಮೆ ಬೆಳೆದುದನ್ನು ತೋರಿಸಿತು. ಅಲ್ಲಿನ ಗಾಳಿ ಸುಧಾರಿಸಿದಂತೆ ಮಕ್ಕಳ ಶ್ವಾಸಕೋಶದ ಬೆಳವಣಿಗೆಯೂ ಸುಧಾರಿಸಿತೆಂದು 2015ರ ವರದಿ ಹೇಳಿತು.

ಪುಸ್ತಕದ ಕೊರತೆಗಳನ್ನೂ ಹೇಳಬೇಕು. ದಾಖಲೆಗಳ ಶೋಧನೆಯಲ್ಲಿ ತೋರುವ ಶ್ರದ್ಧೆ ಶರೀರಕ್ರಿಯೆಯ ವಿವರಣೆಯಲ್ಲಿ ಕಾಣುವುದಿಲ್ಲ. ನಿಂತ ಎತ್ತರ ಒಂದೇ ಇದ್ದರೂ ಮುಂಡ ಮತ್ತು ಕಾಲುಗಳ ಉದ್ದದ ಅನುಪಾತ ಜನರಲ್ಲಿ ಬೇರೆಬೇರೆ. ಶ್ವಾಸಕೋಶ ಇರುವುದು ಮುಂಡದಲ್ಲಿ. ಆದ್ದರಿಂದ ಗುಂಪುಗಳ ನಡುವಿನ ವ್ಯತ್ಯಾಸದ ಒಂದು ಭಾಗ ಇದರಿಂದಲೇ ಬರುತ್ತದೆ. ಇದನ್ನು ಅಳೆಯಲು ಟೇಪೊಂದು ಸಾಕು, ಜನಾಂಗದ ಹೆಸರು ಬೇಡ. ಲೇಖಕಿಯ ವಾದವನ್ನು ಬಲಪಡಿಸಬಹುದಾಗಿದ್ದ ಈ ಅಂಶಕ್ಕೆ ಇನ್ನಷ್ಟು ಪುಟಗಳು ಸಲ್ಲಬೇಕಿತ್ತು. ಎರಡನೆಯದಾಗಿ, ಗುಣಾಂಕವನ್ನು ತೆಗೆದ ಮೇಲೆ ಏನು ಎಂಬ ಪ್ರಶ್ನೆಗೆ ಉತ್ತರ ಸಾಲದು. ಎಲ್ಲರಿಗೂ ಒಂದೇ ಮಾನದಂಡವಾದರೆ ಪರಿಹಾರ ಸಿಗದಿದ್ದವರಿಗೆ ಸಿಗಬಹುದು. ಆದರೆ ಅದೇ ಅಂಕಿಯಿಂದ ಕೆಲವರಿಗೆ ಅಗ್ನಿಶಾಮಕ ದಳದಂಥ ನೌಕರಿಯೋ ಶ್ವಾಸಕೋಶದ ಶಸ್ತ್ರಚಿಕಿತ್ಸೆಯೋ ತಪ್ಪಿಹೋಗಬಹುದು.

ಪುಸ್ತಕ ಬಂದ ಮೇಲೆ ಪರಿಸ್ಥಿತಿ ಬದಲಾಗಿದೆ. ಮೂತ್ರಪಿಂಡದ ಕಾರ್ಯವನ್ನು ಅಂದಾಜು ಮಾಡುವ ಸೂತ್ರದಿಂದ ಜನಾಂಗದ ಗುಣಾಂಕವನ್ನು ಕೈಬಿಡಬೇಕೆಂದು 2021ರಲ್ಲಿ ಅಮೆರಿಕದ ಮೂತ್ರಪಿಂಡ ತಜ್ಞರ ಸಂಘಗಳು ಶಿಫಾರಸು ಮಾಡಿದವು. 2023ರಲ್ಲಿ ಅಮೆರಿಕನ್ ಥೊರಾಸಿಕ್ ಸೊಸೈಟಿ ಸ್ಪೈರೋಮೀಟರಿಗೂ ಜನಾಂಗ ಕೇಳದ ಸಮೀಕರಣಗಳನ್ನು ಶಿಫಾರಸು ಮಾಡಿತು.

ಹಾಗಾದರೆ ಜನರ ನಡುವಿನ ವ್ಯತ್ಯಾಸವನ್ನು ಉಪಕರಣ ಲೆಕ್ಕಿಸಲೇಬಾರದೆ? ಹಾಗೇನಿಲ್ಲ. ಕೋವಿಡ್ ಕಾಲದಲ್ಲಿ ನೀವು ಬೆರಳಿಗೆ ಸಿಕ್ಕಿಸಿಕೊಂಡಿರಬಹುದಾದ ಆಕ್ಸಿಮೀಟರ್ ಇದಕ್ಕೆ ತಿರುವುಮುರುವಾದ ಉದಾಹರಣೆ. ಅದು ಸುಮಾರು 660 ನ್ಯಾನೊಮೀಟರಿನ ಕೆಂಪು ಮತ್ತು 940 ನ್ಯಾನೊಮೀಟರಿನ ಅವಕೆಂಪು ಬೆಳಕಿನ ಹೀರಿಕೆಯನ್ನು ಹೋಲಿಸಿ ರಕ್ತದ ಆಕ್ಸಿಜನ್ ಮಟ್ಟವನ್ನು ತಿಳಿಸುತ್ತದೆ. ಚರ್ಮದ ಮೆಲನಿನ್ ಕೂಡ ಬೆಳಕನ್ನು ಹೀರುತ್ತದೆ, ಅದೂ ಕೆಂಪನ್ನು ಹೆಚ್ಚಾಗಿ. ಆಕ್ಸಿಮೀಟರ್ ಸರಿಯೆಂದು ತೋರಿಸಿದರೂ ರಕ್ತದಲ್ಲಿ ಆಕ್ಸಿಜನ್ ಕುಸಿದಿದ್ದ ಪ್ರಸಂಗಗಳು ಬಿಳಿಯರಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚೆಂದು ಅಮೆರಿಕದ ಅಧ್ಯಯನವೊಂದು 2020ರಲ್ಲಿ ವರದಿ ಮಾಡಿತು. ಇಲ್ಲಿ ಅಳೆಯಬಹುದಾದ ಭೌತಿಕ ಪರಿಮಾಣವಿದ್ದರೂ ಅದನ್ನು ಸಾಕಷ್ಟು ಲೆಕ್ಕಿಸಿರಲಿಲ್ಲ. ಸ್ಪೈರೋಮೀಟರಿನಲ್ಲಿ ಅಂಥ ಪರಿಮಾಣಗಳನ್ನು ಅಳೆಯದೆ ಜನಾಂಗದ ಹೆಸರನ್ನು ಗುಣಾಂಕ ಮಾಡಲಾಗಿತ್ತು. ಎರಡರಲ್ಲೂ ನಷ್ಟ ಒಂದೇ ಗುಂಪಿನದು.

ಶಿಕ್ಷಕ ಮಿತ್ರರೇ, ಮಾಪನ ಮತ್ತು ದೋಷಗಳ ಪಾಠ ಮಾಡುವಾಗ ಈ ಮೇಲಿನ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬರೆದು, ತಿದ್ದುಪಡಿ ನ್ಯಾಯವೇ ಎಂದು ವಿದ್ಯಾರ್ಥಿಗಳನ್ನು ಕೇಳಿ. ಯಾವುದೇ ಗುಣಾಂಕ ಕಂಡರೂ ಅದು ಯಾವ ಭೌತಿಕ ಪರಿಮಾಣದಿಂದ ಬಂತು, ಅದನ್ನು ನೇರವಾಗಿ ಅಳೆಯಬಹುದೆ ಎಂದು ಪ್ರಶ್ನಿಸುವ ಅಭ್ಯಾಸ ಅವರಿಗೆ ಬರಲಿ. ಇತಿಹಾಸದ ಅಧ್ಯಾಯಗಳು ಅಲ್ಲಲ್ಲಿ ದೀರ್ಘವೆನಿಸಿದರೂ, ಕಾಲೇಜು ಗ್ರಂಥಾಲಯದಲ್ಲಿ ಈ ಪುಸ್ತಕಕ್ಕೆ ಒಂದು ಜಾಗ ಇರಬೇಕು.