ಕಣ್ಮರೆಯಾಗುವ ಯಂತ್ರ: ಮಾರ್ಕ್ ವೈಸರರ ಪ್ರಬಂಧವೊಂದರ ವಿಮರ್ಶೆ

ಮನುಷ್ಯನಿಗೂ ಯಂತ್ರಕ್ಕೂ ನಡುವಣ ವ್ಯವಹಾರವನ್ನು ರೂಪಿಸುವ ವಿದ್ಯೆಗೆ ‘ಇಂಟರಾಕ್ಷನ್ ಡಿಸೈನ್’ ಎಂಬ ಹೆಸರು ರೂಢವಾಗಿದೆ. ಇದರ ಭವಿಷ್ಯವನ್ನು ಕುರಿತ ಬರೆಹಗಳಲ್ಲಿ, 1991ನೆಯ ಸೆಪ್ಟೆಂಬರಿನ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಮಾರ್ಕ್ ವೈಸರರು ಇಪ್ಪತ್ತೊಂದನೆಯ ಶತಮಾನದ ಕಂಪ್ಯೂಟರನ್ನು ಕುರಿತು ಬರೆದ ಪ್ರಬಂಧದಷ್ಟು ಪ್ರಭಾವ ಬೀರಿದುದು ವಿರಳ. ವೈಸರರು ಆಗ ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿನ ಜೆರಾಕ್ಸ್ ಸಂಶೋಧನಾಲಯದಲ್ಲಿದ್ದರು, 1999ರಲ್ಲಿ ತೀರಿಕೊಂಡರು. ಅಂಗುಲದ ಅಳತೆಯವು, ಅಡಿಯ ಅಳತೆಯವು, ಗಜದ ಅಳತೆಯವು ಎಂದು ಮೂರು ಬಗೆಯ ನೂರಾರು ಯಂತ್ರಗಳು ಒಂದೊಂದು ಕೊಠಡಿಯಲ್ಲಿಯೂ ನೆಲಸುವುವೆಂದು ಅವರು ಊಹಿಸಿದ್ದರು. ಸಂಖ್ಯೆಯ ಮಾತನ್ನು ಬಿಟ್ಟರೆ ಈ ಊಹೆ ಬಹುಮಟ್ಟಿಗೆ ನಿಜವಾಗಿದೆ. ಅದನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ.

ವಿಚಾರಾರ್ಹವಾದುದು ಅವರ ಮೂಲತತ್ತ್ವ. ಪರಿಣತಿಯ ತುದಿಯನ್ನು ಮುಟ್ಟಿದ ತಂತ್ರವು ಬಳಸುವವನ ಗಮನದಿಂದ ಮರೆಯಾಗಬೇಕು ಎಂಬುದೇ ಆ ತತ್ತ್ವ. ಇದಕ್ಕೆ ಅವರು ಕೊಡುವ ಮುಖ್ಯ ನಿದರ್ಶನ ಬರೆವಣಿಗೆ. ಬೀದಿಯ ಫಲಕವನ್ನು ಕಂಡವನು, ತಾನು ಓದುತ್ತಿದ್ದೇನೆಂಬ ಅರಿವೇ ಇಲ್ಲದೆ ಅದರ ಅರ್ಥವನ್ನು ಗ್ರಹಿಸುತ್ತಾನೆ. ಕೈಗಾರಿಕೆ ಬೆಳೆದ ದೇಶಗಳ ಮಟ್ಟಿಗೆ ಮಾತ್ರ ಅವರು ಈ ಮಾತನ್ನು ಆಡಿದರೆಂಬುದನ್ನು ನ್ಯಾಯವಾಗಿ ಒಪ್ಪಬೇಕು. ಆದರೆ ಅವರ ಅನುಯಾಯಿಗಳು ತತ್ತ್ವವನ್ನು ಉಳಿಸಿಕೊಂಡು ಆ ಮಿತಿಯನ್ನು ಮರೆತರು.

ಚರಿತ್ರೆಯನ್ನು ಓದುವ ನಮಗೆ ಈ ನಿದರ್ಶನವು ದುರ್ಬಲವೆಂದು ತೋರುತ್ತದೆ. ಓದಬಲ್ಲವನಿಗಷ್ಟೇ ಬರೆಹ ಕಣ್ಮರೆಯಾಯಿತು. ಓದಲರಿಯದವನಿಗೆ ಅದು ಎಂದೂ ಎದುರಿಗೆ ನಿಂತ ಗೋಡೆಯೇ. ನಮ್ಮ ಶಾನುಭೋಗರ ಕಡತವನ್ನು ನೆನೆಯಬಹುದು. ಹುಣಿಸೆಬೀಜದ ಅಂಟನ್ನೂ ಇದ್ದಿಲನ್ನೂ ಬಳಿದು ಕಪ್ಪಾಗಿಸಿದ ಬಟ್ಟೆಯ ಮಡಿಕೆಗಳ ಮೇಲೆ ಬಳಪದಿಂದ ಬರೆದ ಲೆಕ್ಕ ಅದು; ಒರಸಿ ಮತ್ತೆ ಬರೆಯಲು ಬಹಳ ಅನುಕೂಲ, ಯಾರಿಗೆ ಅನುಕೂಲವೆಂಬುದು ಬೇರೆ ಮಾತು. ಉತ್ತರ ಭಾಗದಲ್ಲಿ ಕುಲಕರ್ಣಿಗಳು ದಫ್ತರಗಳನ್ನು ಮೋಡಿ ಲಿಪಿಯಲ್ಲಿ ಇರಿಸಿದ್ದುದೂ ಉಂಟು. ಅಲ್ಲಿ ಕನ್ನಡ ಅಕ್ಷರ ಬಲ್ಲ ರೈತನೂ ತನ್ನ ಹೊಲದ ಮಾತನ್ನು ಇನ್ನೊಬ್ಬರ ಬಾಯಿಂದಲೇ ಕೇಳಬೇಕಾಗಿತ್ತು. ವಂಶಪಾರಂಪರ್ಯವಾದ ಈ ಪದವಿಗಳನ್ನು ಮೈಸೂರು ರಾಜ್ಯದ 1961ರ ಶಾಸನವು ರದ್ದುಮಾಡಿತು. ಪುಸ್ತಕ ಗ್ರಾಮಲೆಕ್ಕಿಗನ ಕೈಗೆ ಬಂದಿತು; ರೈತನು ನಿಂತ ಸ್ಥಳ ಮಾತ್ರ ಬದಲಾಗಲಿಲ್ಲ.

2001ರ ಸುಮಾರಿಗೆ ನೆಲೆಗೊಂಡ ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆ ಈ ಸನ್ನಿವೇಶದಲ್ಲಿ ಗಮನಾರ್ಹವಾದುದು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದುವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪ್ರತಿ ದೊರೆಯತೊಡಗಿತು. ಇವೆಲ್ಲ ವರದಿಗಳಲ್ಲಿ ಪ್ರಸಿದ್ಧವಾಗಿವೆ. ನಮಗೆ ಮುಖ್ಯವೆನಿಸುವುದು ಆ ವರದಿಗಳು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುವ ಏರ್ಪಾಡು: ಕಿಟಕಿಯಲ್ಲಿ ಎರಡನೆಯದೊಂದು ಪರದೆಯನ್ನು ರೈತನ ಕಡೆಗೆ ತಿರುಗಿಸಿ ಇರಿಸಿ, ನಡೆಯುತ್ತಿರುವ ಕೆಲಸವು ಅವನಿಗೂ ಕಾಣುವಂತೆ ಮಾಡಿದುದು. ವೈಸರರ ತತ್ತ್ವಕ್ಕೆ ಇದು ನೇರವಾದ ವಿರೋಧ. ಇಲ್ಲಿ ಯಂತ್ರವು ಮರೆಯಾಗಲು ಯತ್ನಿಸದೆ ತನ್ನನ್ನು ತೋರಿಸಿಕೊಳ್ಳುತ್ತದೆ. ಓದಲಾರದವನೂ ತನ್ನ ಜೊತೆಗೆ ಬಂದ ಶಾಲೆಯ ಹುಡುಗನಿಂದ ಅದನ್ನು ಓದಿಸಬಹುದು. ಈ ಯೋಜನೆಯಿಂದ ದೊಡ್ಡ ಭೂವ್ಯವಹಾರಸ್ಥರಿಗೇ ಹೆಚ್ಚು ಲಾಭವಾಯಿತೆಂದು 2007ರಲ್ಲಿ ಸೊಲೊಮನ್ ಬೆಂಜಮಿನ್ ಮೊದಲಾದವರು ಎತ್ತಿದ ಆಕ್ಷೇಪವನ್ನು ನಾವು ಅಲ್ಲಗಳೆಯುವುದಿಲ್ಲ. ಒಂದು ಪರದೆಯಿಂದ ಭೂಸಂಬಂಧ ಬದಲಾಗದು. ಆದರೂ ಕಲ್ಪನೆಯ ಮಟ್ಟಿಗೆ ಆ ಪರದೆಯು ಪಾಲೊ ಆಲ್ಟೊದ ಗಜದ ಹಲಗೆಗಿಂತ ಮುಂದಿನದೆಂದೇ ನಮ್ಮ ಅಭಿಪ್ರಾಯ.

ಇಂದು ಮಾತನ್ನು ಕೇಳಿ ಮಾತಿನಲ್ಲೇ ಉತ್ತರಿಸುವ ಯಂತ್ರಗಳು ಬಂದಿವೆ. ಅಕ್ಷರ ಬಾರದವರಿಗೆ ಇವು ವರವೆಂದು ಹೇಳಲಾಗುತ್ತದೆ. ಆ ಮಾತಿನಲ್ಲಿ ಸತ್ಯವಿದೆ. ಆದರೆ ಅರ್ಜಿಯಲ್ಲಿ ಏನನ್ನು ತುಂಬಿದೆನೆಂಬುದನ್ನು ಯಂತ್ರವೇ ಓದಿ ಹೇಳುವಾಗ, ಅದನ್ನು ತಾಳೆನೋಡುವ ಮಾರ್ಗ ಯಾವುದು? ಯಂತ್ರಗಳು ಮನುಷ್ಯನನ್ನು ಕಾವಲು ಕಾಯುವ ಅಪಾಯವನ್ನು ವೈಸರರು ಮುಂಗಂಡಿದ್ದರು. ಮನುಷ್ಯನು ಯಂತ್ರವನ್ನು ನೋಡಲಾರದೆ ಹೋಗುವುದನ್ನು ಅವರು ಅಪಾಯವೆಂದೇ ಎಣಿಸಲಿಲ್ಲ.

ಪಹಣಿಯನ್ನು ಈಗ ಅಂತರ್ಜಾಲದಿಂದ ಮನೆಯಲ್ಲಿಯೇ ಪಡೆಯಬಹುದು. ಆ ಅಭ್ಯಾಸವಿಲ್ಲದವರು ಪೇಟೆಯ ಸೈಬರ್ ಅಂಗಡಿಗೆ ಹೋಗುತ್ತಾರೆ. ನಾವು ಕಂಡ ಅಂತಹ ಅಂಗಡಿಗಳಲ್ಲೆಲ್ಲ ಇದ್ದ ಪರದೆ ಒಂದೇ, ಅದೂ ಅಂಗಡಿಯವನ ಕಡೆಗೆ ತಿರುಗಿದುದು.