ಸಾಷ್ಟಿಯ ಪಾದ್ರಿ ಕಟ್ಟಿದ ಪುರಾಣ

ಮೂರು ಸಾಲು ಪ್ರಾಸ ಹಿಡಿದು ಓಡುತ್ತವೆ. ನಾಲ್ಕನೆಯದು ಗಿಡ್ಡ ಸಾಲು, ಪ್ರಾಸದ ಹಂಗಿಲ್ಲದೆ ತಟ್ಟನೆ ನಿಲ್ಲುತ್ತದೆ. ಮರಾಠಿಯ ಓವಿ ಛಂದಸ್ಸಿನ ಸೊಗಸೆಲ್ಲ ಆ ನಿಲುಗಡೆಯಲ್ಲಿದೆ. ಜ್ಞಾನೇಶ್ವರರಿಗೂ ಏಕನಾಥರಿಗೂ ಒಲಿದ ಈ ಬಂಧದಲ್ಲಿ ಇಂಗ್ಲೆಂಡಿನ ವಿಲ್ಟ್‌ಶೈರ್ ಸೀಮೆಯ ಜೆಸ್ಯೂಟ್ ಪಾದ್ರಿಯೊಬ್ಬರು ಹೆಚ್ಚುಕಡಿಮೆ 11,000 ಪದ್ಯಗಳನ್ನು ಕಟ್ಟಿದರು. ಅದೇ 1616ರಲ್ಲಿ ಗೋವೆಯ ರಾಚೋಲಿನಲ್ಲಿ ಅಚ್ಚಾದ ‘ಕ್ರಿಸ್ತಪುರಾಣ’. ಕವಿಯ ಹೆಸರು ಥಾಮಸ್ ಸ್ಟೀಫನ್ಸ್.

ಎಲಿಜಬೆತ್ ರಾಣಿಯ ಇಂಗ್ಲೆಂಡಿನಲ್ಲಿ ಕ್ಯಾಥೊಲಿಕನಾಗಿ ಬಾಳುವುದು ಸುಲಭವಿರಲಿಲ್ಲ. ಸ್ಟೀಫನ್ಸರ ಆಪ್ತ ಗೆಳೆಯ ಥಾಮಸ್ ಪೌಂಡ್ ಸೆರೆಮನೆ ಸೇರಿದ. ಇವರು ರೋಮ್ ತಲುಪಿ 1575ರಲ್ಲಿ ಜೆಸ್ಯೂಟ್ ಸಂಘ ಸೇರಿದರು. 1579ರ ಏಪ್ರಿಲ್‌ನಲ್ಲಿ ಲಿಸ್ಬನ್ನಿನಿಂದ ಹಡಗು ಹತ್ತಿ ಅಕ್ಟೋಬರ್‌ನಲ್ಲಿ ಗೋವೆಯಲ್ಲಿ ಇಳಿದರು. ಎರಡು ವರ್ಷದ ಮೇಲೆ, ಅವರಂತೆಯೇ ಜೆಸ್ಯೂಟ್ ಆಗಿದ್ದ ಎಡ್ಮಂಡ್ ಕ್ಯಾಂಪಿಯನ್‌ಗೆ ಲಂಡನ್ನಿನಲ್ಲಿ ಮರಣದಂಡನೆಯಾಯಿತು. 1585ರ ಕಾಯಿದೆಯಂತೂ ಹೊರದೇಶದಲ್ಲಿ ದೀಕ್ಷೆ ಪಡೆದ ಪಾದ್ರಿ ತಾಯ್ನಾಡಿಗೆ ಕಾಲಿಟ್ಟರೆ ಅದನ್ನೇ ರಾಜದ್ರೋಹವೆಂದಿತು. 1619ರಲ್ಲಿ ತೀರಿಕೊಳ್ಳುವವರೆಗೆ, ನಾಲ್ವತ್ತು ವರ್ಷ, ಸ್ಟೀಫನ್ಸರು ಗೋವೆಯ ಸಾಷ್ಟಿಯ ಸುತ್ತಮುತ್ತಲೇ ಉಳಿದರು.

ಇಷ್ಟು ಕಳೆದುಕೊಂಡವರ ಕಾವ್ಯದಲ್ಲಿ ಊರಿನ ಹಂಬಲ ಹರಿಯುತ್ತಿರಬೇಕೆಂದು ಹುಡುಕಿದರೆ ಅದು ಸಿಕ್ಕುವುದಿಲ್ಲ. ನನ್ನನ್ನು ಮತ್ತೆ ಮತ್ತೆ ಸೆಳೆಯುವುದು ಇದೇ. ಮರಾಠಿ ಭಾಷೆಯನ್ನು ಹೊಗಳಲು ಹೊರಟಾಗ ಅವರ ಕೈಗೆ ಬರುವುದು ಮಲ್ಲಿಗೆ, ಕಸ್ತೂರಿ, ನವಿಲು, ಕಲ್ಪವೃಕ್ಷ. ವಿಲ್ಟ್‌ಶೈರಿನ ಒಂದು ಹೂವೂ ಅಲ್ಲಿ ಅರಳಿಲ್ಲ. ಸ್ವರ್ಗವನ್ನು ಅವರು ವೈಕುಂಠ ಎನ್ನುತ್ತಾರೆ, ಯೇಸುವನ್ನು ಸ್ವಾಮಿ ಎನ್ನುತ್ತಾರೆ. ಕೃತಿಗೆ ಎರಡು ಭಾಗ: ಮೊದಲ ಪುರಾಣದಲ್ಲಿ 36 ಅಧ್ಯಾಯ, ಎರಡನೆಯದರಲ್ಲಿ 59. ನಮ್ಮ ಪುರಾಣಗಳ ಹಾಗೆಯೇ ಶ್ರೋತೃವೊಬ್ಬ ಸಂಶಯ ಕೇಳುತ್ತಾನೆ, ಗುರು ಸಾವಧಾನದಿಂದ ಕಥೆ ಬಿಚ್ಚುತ್ತಾರೆ. 1583ರಲ್ಲಿ ತಮ್ಮ ಸೋದರನಿಗೆ ಬರೆದ ಕಾಗದದಲ್ಲೇ ಅವರು ಇಲ್ಲಿನ ನುಡಿಗಳ ಕಟ್ಟಡ ಗ್ರೀಕ್, ಲ್ಯಾಟಿನ್‌ಗಳಿಗೆ ಹತ್ತಿರವೆಂದು ಗುರುತಿಸಿದ್ದರು. ಅಂಥ ಕಿವಿ ಇದ್ದವರು ಓವಿಯನ್ನು ಎರವಲಿನಂತೆ ಬಳಸಲಿಲ್ಲ, ಅದರೊಳಗೇ ಮನೆ ಮಾಡಿದರು.

ಈ ರುಚಿಯಲ್ಲಿ ಕಹಿಯೂ ಇದೆ, ಅದನ್ನು ಬದಿಗಿಟ್ಟು ಸವಿಯಲು ನನಗೆ ಮನಸ್ಸಿಲ್ಲ. ಸ್ಟೀಫನ್ಸರು ಬರುವ ಮುಂಚೆಯೇ, 1567ರಲ್ಲಿ, ಸಾಷ್ಟಿಯ ದೇವಾಲಯಗಳನ್ನು ಪೋರ್ಚುಗೀಸರು ಕೆಡವಿದ್ದರು. ಹಳೆಯ ಪುರಾಣಗಳನ್ನು ಓದದಂತೆ ತಡೆದಿರಿ, ಹಾಗಾದರೆ ನಮ್ಮ ಮಾತಿನಲ್ಲೇ ಬೇರೊಂದು ಕೊಡಿ ಎಂದು ಹೊಸ ಕ್ರೈಸ್ತರು ಕೇಳುವ ಸಂದರ್ಭ ಕಾವ್ಯದೊಳಗೇ ಬರುತ್ತದೆ. ಕೇಳುವವನ ನೋವನ್ನು ಪಾದ್ರಿ ಅಳಿಸಿಹಾಕಿಲ್ಲ. ಆ ಪ್ರಾಮಾಣಿಕತೆಗಾಗಿ ಈ ಕವಿಯ ಮೇಲಿನ ಗೌರವ ನನಗೆ ಹೆಚ್ಚಿದೆ.

ಗೋವೆಯಿಂದ ತಲೆಮಾರುಗಳ ಕಾಲ ವಲಸೆ ಬಂದ ಕೊಂಕಣಿ ಕ್ರೈಸ್ತರ ಜೊತೆ ಪುರಾಣವೂ ಕನ್ನಡ ಕರಾವಳಿಗೆ ಇಳಿಯಿತು. 1784ರಲ್ಲಿ ಟಿಪ್ಪು ಸುಲ್ತಾನ್ ಈ ಕ್ರೈಸ್ತರಲ್ಲಿ ಸಹಸ್ರಾರು ಮಂದಿಯನ್ನು ಸೆರೆಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಪಾದ್ರಿಗಳನ್ನು ಗಡೀಪಾರು ಮಾಡಿದ್ದ. ಪೂಜೆ ನಡೆಸುವವರಿಲ್ಲದ ಹದಿನೈದು ವರ್ಷ ಆ ಜನರಿಗೆ ಧೈರ್ಯ ತುಂಬಿದ್ದು ಕ್ರಿಸ್ತಪುರಾಣದ ಓದು ಎಂದು ಮಂಗಳೂರಿನ ಕ್ರೈಸ್ತರು ಹೇಳುತ್ತ ಬಂದಿದ್ದಾರೆ. ತನ್ನ ನಾಡಿಗೆ ಹಿಂದಿರುಗಲಾಗದ ಒಬ್ಬನ ಪದ್ಯ, ಮನೆಮಾರು ಕಳೆದುಕೊಂಡವರ ಬಾಯಲ್ಲಿ, ಕಾವೇರಿಯ ದಡದಲ್ಲಿ! ಯಾವ ವಿಮರ್ಶಕನ ಮೆಚ್ಚುಗೆ ಇದಕ್ಕೆ ಸಮನಾದೀತು?

ರಾಚೋಲಿನಲ್ಲಿ ಅಚ್ಚಾದ ಪ್ರತಿ ಒಂದೂ ಉಳಿಯಲಿಲ್ಲ. ಕೈಬರಹಗಳನ್ನು ಜೋಡಿಸಿ 1907ರಲ್ಲಿ ಅದನ್ನು ಮತ್ತೆ ಅಚ್ಚಿಗೆ ತಂದವರು ಮಂಗಳೂರಿನ ಜೋಸೆಫ್ ಎಲ್. ಸಲ್ಡಾನ್ಹಾ. ಆ ಆವೃತ್ತಿ ರೋಮನ್ ಲಿಪಿಯಲ್ಲಿದೆ. ಪೋರ್ಚುಗೀಸ್ ಕಾಗುಣಿತದಲ್ಲಿ ಶಕಾರಕ್ಕೆ ಎಕ್ಸ್ ಬಳಕೆ, ಒತ್ತಕ್ಷರಗಳ ದಟ್ಟಣೆ. ಕಣ್ಣು ಎಡವುತ್ತದೆ. ಅದಕ್ಕೇ ಗೊಟ್ಟಿಗೆರೆಯ ಮನೆಯಲ್ಲಿ ಸಂಜೆ ಹೊತ್ತು ನಾನು ಒಂದೊಂದೇ ಓವಿಯನ್ನು ಕನ್ನಡ ಅಕ್ಷರಕ್ಕೆ ಇಳಿಸಿಕೊಂಡು ಗಟ್ಟಿಯಾಗಿ ಓದುತ್ತೇನೆ. ಬನ್ನೇರುಘಟ್ಟ ರಸ್ತೆಯ ಹಾರ್ನ್‌ಗಳ ನಡುವೆಯೂ ನಾಲ್ಕನೆಯ ಸಾಲಿನ ನಿಲುಗಡೆ ಕೇಳಿಸುತ್ತದೆ. ಲಿಪಿ ಬದಲಾದೊಡನೆ ಪರಮೇಶ್ವರ, ಭಕ್ತಿ, ಮುಕ್ತಿ, ಕೃಪೆ ಎಲ್ಲ ನಮ್ಮ ನೆಂಟರಂತೆ ಎದ್ದು ಬರುತ್ತವೆ.

ಒಮ್ಮೆ ಮಹಡಿಯ ಮೇಲಿನ ಮನೆಯ ಬಂಟ್ವಾಳದ ಅಮ್ಮ ಇದನ್ನು ಕೇಳಿಸಿಕೊಂಡು, “ಇದು ನಮ್ಮ ರೋಸಿನ ವೊವಿಯೊ ರಾಗಕ್ಕೆ ಸರೀ ಕೂತ್ಕೊಳ್ತದೆ ಮಾರಾಯ್ರೆ” ಎಂದರು. ಮದುವೆಯ ಮುನ್ನಾದಿನ ತೆಂಗಿನ ಹಾಲು ಹಚ್ಚಿ ಮೀಯಿಸುವಾಗ ಹೆಂಗಸರು ಹಾಡುವ ಪದ್ಯಗಳವು. ಅವರು ಎರಡು ಓವಿ ಹಾಡಿಯೂ ತೋರಿಸಿದರು. ನಾನು ನುಂಗಿಬಿಡುತ್ತಿದ್ದ ಗಿಡ್ಡ ಸಾಲನ್ನು ಅವರು ಎಳೆದು, ತಗ್ಗಿಸಿ, ಮುಂದಿನ ಪದ್ಯಕ್ಕೆ ಉಸಿರು ತೆಗೆದುಕೊಂಡರು. ಆಮೇಲೆ ಕಾನಾ ಊರಿನ ಮದುವೆಯ ಭಾಗ ಎಲ್ಲಿದೆ ಎಂದು ಕೇಳಿದರು, ಬರುವ ಮೇ ತಿಂಗಳಲ್ಲಿ ಮೊಮ್ಮಗಳ ರೋಸ್ ಇದೆಯಂತೆ. ಈಗ ಬರೆದು ಇಳಿಸುತ್ತಿರುವುದು ಆ ಅಧ್ಯಾಯವನ್ನೇ.